ಹಿಂಬಾಗಿಲಿಲ್ಲದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ನನ್ನ ಮದುವೆಯನ್ನು ಬೇರೆಯವರು ಮಾಡಿದ್ದರಿಂದ ಅದರ ಕಷ್ಟ ನನಗೆ ಅಷ್ಟಾಗಿ ಗೊತ್ತಿಲ್ಲ. ಮನೆಯನ್ನು ಮಾತ್ರ ನಾನೇ ಕಟ್ಟಿಸಿದ್ದು. ನಕ್ಷೆಯನ್ನು ಕೂಡ ನಾನೇ ಬರೆದದ್ದು, ಶಾಲೆಯ ಗ್ರಾಫ್ ಹಾಳೆಯ ಮೇಲೆ, ಪೆನ್ಸಿಲಿನಲ್ಲಿ.

ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಊರಿಗೆಲ್ಲ ‘ಟೀಚರ್’. ನೀರು ಯಾಕೆ ಕುದಿಯುತ್ತದೆ, ನೆರಳು ಯಾಕೆ ಉದ್ದವಾಗುತ್ತದೆ ಎಂದು ಮಕ್ಕಳನ್ನು ಕೇಳಿ ಕೇಳಿ, ಈಗ ಯಾವುದನ್ನು ಕಂಡರೂ ‘ಯಾಕೆ’ ಅನ್ನುವುದು ಚಟವಾಗಿಬಿಟ್ಟಿದೆ. ಮನೆಯವರಿಗೆ ಇದೊಂದು ಕಾಟ.

ಶಿರಿಯ ಹೊಳೆಯಿಂದ ಎರಡು ತೆಂಗಿನ ತೋಟ ಈಚೆಗೆ ಅಮ್ಮನ ಹಂಚಿನ ಮನೆ ಇತ್ತು. ನಮ್ಮ ಮನೆತನದಲ್ಲಿ ಜಾಗ ತಾಯಿಯಿಂದ ಮಗಳಿಗೆ ಬರುವುದು. ಹಾಗಾಗಿ ಮದುವೆಯ ನಂತರವೂ ನಾನು ಅಲ್ಲಿಯೇ ಉಳಿದೆ. ಗಂಡ ಗಲ್ಫಿನಿಂದ ರಜೆಯಲ್ಲಿ ಬಂದು ಹೋಗುತ್ತಿದ್ದರು. ಹಂಚು ಹೊತ್ತ ಮಾಡಿನ ಮರದ ಪಕ್ಕಾಸುಗಳಿಗೆ ಗೆದ್ದಲು ಹಿಡಿದು, ಮಳೆಗಾಲದಲ್ಲಿ ಊಟದ ಬಟ್ಟಲಿಗಿಂತ ಸೋರುವ ನೀರಿಗೆ ಇಡುವ ಪಾತ್ರೆಗಳೇ ಹೆಚ್ಚಾದ ಮೇಲೆ, ಅದನ್ನು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಗಂಡ ಗಲ್ಫ್ ಬಿಟ್ಟು ಬಂದಿದ್ದರು.

ಅವರು ಅಲ್ಲಿ ಮಾಡುತ್ತಿದ್ದದ್ದು ದೊಡ್ಡ ದೊಡ್ಡ ಕಟ್ಟಡಗಳ ಎಸಿ ರಿಪೇರಿ. “ಅಲ್ಲಿ ತೆರೆಯುವ ಕಿಟಕಿಯೇ ಇಲ್ಲ. ಜನ ಕಿಟಕಿ ತೆರೆದ್ರೆ ನನಗೆಂತ ಕೆಲಸ?” ಎಂದು ನಗುತ್ತಿದ್ದರು. ಆದರೆ ಮಲಗುವ ಕೋಣೆಯಲ್ಲೂ ಹಾಗೆಯೇ ಅಂತೆ. ಮಂಚದ ಮೇಲೆ ಮಂಚ, ಮುಚ್ಚಿದ ಗಾಜು, ಗಾಜಿನಾಚೆ ಇನ್ನೊಂದು ಕಟ್ಟಡದ ಗೋಡೆ. ಅಲ್ಲಿ ಮಲಗಿ ಅವರು ವರ್ಷಗಟ್ಟಲೆ ಒಂದು ಮನೆಯನ್ನು ಕಟ್ಟಿಕೊಂಡಿದ್ದರು, ತಲೆಯೊಳಗೆ. ಅದಕ್ಕೆ ಗೋಡೆ ಇರಲಿಲ್ಲ. ಮಲಗಿದಲ್ಲಿಂದಲೇ ಹೊಳೆ ಕಾಣಬೇಕು, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಬೇಕು, ಎಸಿ ಎಂಬ ಎರಡಕ್ಷರ ಆ ಮನೆಯಲ್ಲಿ ಕೇಳಬಾರದು. ನನಗೆ ಇದು ತುಂಬ ಹಿಡಿಸಿತು.

ಹಳೆಯ ಮನೆ ಕೆಡವಿ ನೆಲ ಬೋಳಾದ ಮೇಲೆ ನನ್ನ ಪ್ರಯೋಗಗಳು ಶುರುವಾದವು. ಗಾಳಿ ಎತ್ತಲಿಂದ ಬರುತ್ತದೆಂದು ತಿಳಿಯಲು ಜಾಗದ ನಾಲ್ಕೂ ಕಡೆ ಊದುಬತ್ತಿ ಹಚ್ಚಿಟ್ಟು, ಹೊಗೆ ಬಾಗುವುದನ್ನು ನೋಡುತ್ತ ಕುಳಿತೆ. ಬೆಳಿಗ್ಗೆ ಹೊಗೆ ಹೊಳೆಯ ಕಡೆಗೆ ಬಾಗುತ್ತಿತ್ತು. ಊಟದ ಹೊತ್ತಿಗೆ ಒಂದು ಗಳಿಗೆ ನೆಟ್ಟಗೆ ನಿಂತು, ಆಮೇಲೆ ಹೊಳೆಯಿಂದ ಮಾರ್ಗದ ಕಡೆಗೆ ತಿರುಗುತ್ತಿತ್ತು. ಮಾರ್ಗದಲ್ಲಿ ಹೋಗುವವರು ಬೇಲಿಯ ಮೇಲಿಂದ ಇಣುಕಿ, “ಎಂತ ಟೀಚರೇ, ಭೂಮಿಪೂಜೆಯಾ? ಭಟ್ರು ಎಲ್ಲಿ?” ಎಂದು ಕೇಳುತ್ತಿದ್ದರು. ಒಂದು ಕೋಲು ನೆಟ್ಟು ಅದರ ನೆರಳಿನ ಜಾಡಿನಲ್ಲಿ ಸುಣ್ಣದ ಗೆರೆ ಎಳೆದೆ. ನಮ್ಮ ಬೆಕ್ಕು ಯಾವ ಹೊತ್ತಿಗೆ ಎಲ್ಲಿ ಮಲಗುತ್ತದೆಂದು ಕೂಡ ಗುರುತು ಮಾಡಿಕೊಂಡೆ. ತಂಪಿನ ವಿಷಯದಲ್ಲಿ ಬೆಕ್ಕನ್ನು ನಂಬಬಹುದು ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಆಗಿ ನಕ್ಷೆ ತಯಾರಾಯಿತು. ಮೂಡು ದಿಕ್ಕಿಗೆ ಮಾರ್ಗ, ಪಡು ದಿಕ್ಕಿಗೆ ಹೊಳೆ. ನಡುವೆ ಒಂದೇ ಉದ್ದ ಹಜಾರ; ಅಡುಗೆಮನೆ ಅದರ ಬಡಗು ತುದಿಯಲ್ಲಿ, ನಡುವೆ ಗೋಡೆಯಿಲ್ಲ. ಎರಡೂ ಕಡೆ ಮಡಚಿ ಬದಿಗೆ ಸರಿಸುವ ಗಾಜಿನ ಬಾಗಿಲುಗಳು. ಸರಿಸಿದರೆ ಮನೆಯೂ ಅಂಗಳವೂ ಒಂದೇ. ಪಂಚಾಯತಿನ ಪರ್ಮಿಟ್ಟಿಗೆ ಸಹಿ ಬೇಕೆಂದು ಕುಂಬಳೆಯ ಇಂಜಿನಿಯರನಿಗೆ ತೋರಿಸಿದಾಗ ಆತ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಟೀಚರೇ, ಸಿಟೌಟ್ ಎಲ್ಲಿ? ವರ್ಕ್ ಏರಿಯಾ ಎಲ್ಲಿ?”

ನಮ್ಮ ಕಡೆ ಯಾವ ಹೊಸ ಮನೆಗಾದರೂ ಇವೆರಡು ಇರಲೇಬೇಕು. ಮುಂದೆ ಬಂದವರು ಕೂರಲು ಗ್ರಾನೈಟ್ ಹಾಕಿದ ಸಿಟೌಟ್. ಅಡುಗೆಮನೆಯ ಹಿಂದೆ ಮೀನು ಕೊಯ್ಯಲು, ತೆಂಗಿನಕಾಯಿ ಸುಲಿಯಲು ವರ್ಕ್ ಏರಿಯಾ. ಸಿಟೌಟಿನಲ್ಲಿ ಚಪ್ಪಲಿಗಳು ಮಾತ್ರ ಇರುತ್ತವೆ, ಜನವೆಲ್ಲ ವರ್ಕ್ ಏರಿಯಾದಲ್ಲಿ. ಜನ ಎಂದರೆ ಹೆಂಗಸರು. ನನಗೆ ಇದರ ಮೇಲೆ ಹಳೆಯ ಸಿಟ್ಟು. ನೆಂಟರು ಬಂದರೆ ಮುಂದೆ ಗಂಡಸರ ನಗು, ಹಿಂದೆ ಹೊಗೆಯಲ್ಲಿ ನಾವು. “ಎರಡೂ ಇಲ್ಲ” ಎಂದೆ. “ನಮ್ಮ ಮನೆಗೆ ಹಿಂದೆ ಅಂತ ಒಂದು ಇಲ್ವೇ ಇಲ್ಲ. ನಾಲ್ಕು ಕಡೆಯೂ ಮುಂದೆಯೇ.” ಇಂಜಿನಿಯರ್ ಸಹಿ ಹಾಕಿದ.

ಅಮ್ಮನಿಗೂ ನಕ್ಷೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರು.

“ಇದರಲ್ಲಿ ಹಿಂದಿನ ಬಾಗಿಲು ಯಾವುದು?”

ಯಾಕೆ ಕೇಳಿದರೆಂದು ನನಗೆ ಗೊತ್ತಿತ್ತು, ಅಥವಾ ಹಾಗಂದುಕೊಂಡೆ. ಮುಸ್ಸಂಜೆ ದೀಪ ಹಚ್ಚುವಾಗ ಮುಂಬಾಗಿಲು ತೆರೆದಿಡಬೇಕು, ಹಿಂಬಾಗಿಲು ಮುಚ್ಚಬೇಕು. ಲಕ್ಷ್ಮಿ ಮುಂದಿನಿಂದ ಒಳಗೆ ಬಂದು ಹಿಂದಿನಿಂದ ಹೊರಟುಹೋಗಬಾರದಲ್ಲ. ಅಮ್ಮ ಒಂದು ದಿನವೂ ಇದನ್ನು ತಪ್ಪಿಸಿದವರಲ್ಲ. “ಎರಡು ಕಡೆಯೂ ತೆರೆದಿಟ್ಟರೆ ಗಾಳಿಯೊಟ್ಟಿಗೆ ಲಕ್ಷ್ಮಿಯೂ ಆಡ್ತಾ ಇರ್ತಾಳೆ ಬಿಡಿ” ಎಂದು ತಮಾಷೆ ಮಾಡಿದೆ. ಅಮ್ಮ ಕನ್ನಡಕ ತೆಗೆದಿಟ್ಟು, “ನಿಮಗೆ ಸರಿ ಕಂಡ ಹಾಗೆ ಮಾಡಿ” ಎಂದರು.

ಈಗ ಹಳೆಯ ಮನೆಯ ಹಿಂಜಗಲಿಯ ವಿಷಯ ಹೇಳಬೇಕು. ಪಡುಗಡೆಯ ತಗ್ಗು ಮಾಡಿನ ಕೆಳಗೆ ಅಗಲ ಕಿರಿದಾದ ಜಗಲಿ. ಒಂದು ತುದಿಗೆ ಅರೆಯುವ ಕಲ್ಲು, ಇನ್ನೊಂದು ತುದಿಗೆ ಸೌದೆ. ಎದುರಿಗೆ ಹುಳಿಕಾಯಿ ಬಿಡುವ ಒಂದು ಬಿಂಬುಳಿ ಮರ. ಮಾಡು ಎಷ್ಟು ತಗ್ಗೆಂದರೆ ಕುಳಿತವರಿಗೆ ಮರದ ಬುಡ ಮಾತ್ರ ಕಾಣುತ್ತಿತ್ತು. ಮರದಿಂದ ಸ್ವಲ್ಪ ಆಚೆಗೆ ಬೇಲಿ, ಬೇಲಿಯಲ್ಲಿ ದನ ನುಗ್ಗದಂತೆ ಅಡ್ಡಕೋಲು ಕಟ್ಟಿದ ತಡಮೆ, ಜನ ಮಾತ್ರ ಕಾಲೆತ್ತಿ ದಾಟುವಂಥದ್ದು. ತಡಮೆಯಾಚೆ, ಸ್ವಲ್ಪ ಬಡಗಿಗೆ ಸರಿದು, ಬ್ಯಾರಿಗಳ ಮನೆ. ಆ ಮನೆಯ ಯಜಮಾನ್ತಿಯನ್ನು ಅವರ ಮಕ್ಕಳು ಕರೆದಂತೆ ನಾನೂ ಉಮ್ಮ ಎಂದೇ ಕರೆದು ಬೆಳೆದವಳು. ಉಮ್ಮ ಮಧ್ಯಾಹ್ನದ ನಮಾಜು, ಊಟ ಮುಗಿಸಿ ತಡಮೆ ದಾಟಿ ಬಂದರೆ, ಮುಸ್ಸಂಜೆಗೆ ಮುಂಚೆ ಹೋಗುತ್ತಿದ್ದರು. ನನಗೆ ನೆನಪು ಮೂಡಿದಂದಿನಿಂದ ಇದೇ ಕ್ರಮ. ಇಬ್ಬರೂ ತೆಂಗಿನ ಗರಿಯಿಂದ ಕಡ್ಡಿ ತೆಗೆದು ಗುಡಿಸುವ ಹಿಡಿಸೂಡಿ ಕಟ್ಟುತ್ತ, ಇಲ್ಲವೆ ಬಿಂಬುಳಿ ಹೆಚ್ಚಿ ಉಪ್ಪು ಹಾಕುತ್ತ ಮಾತಾಡುತ್ತಿದ್ದರು. ಅವರ ಮಾತು ತುಳು. ಇಲ್ಲಿ ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಉಮ್ಮ ಹೊರಟ ಮೇಲೆ ಅಮ್ಮ ಬಾಗಿಲಿನ ಹತ್ತಿರ ನಿಂತು, ಅವರು ತಡಮೆ ದಾಟಿದ್ದನ್ನು ನೋಡಿ, ಆಮೇಲೆ ಅಗುಳಿ ಹಾಕಿ ದೀಪ ಹಚ್ಚುತ್ತಿದ್ದರು.

ಉಮ್ಮ ಮುಂಬಾಗಿಲಿನಿಂದ ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. ಓದಿ ಬುದ್ಧಿ ಬಂದ ಮೇಲೆ ಇದು ನನ್ನನ್ನು ಚುಚ್ಚುತ್ತಿತ್ತು. ಇಷ್ಟು ವರ್ಷದ ಸ್ನೇಹಿತೆ ಹಿಂದಿನಿಂದಲೇ ಯಾಕೆ ಬರಬೇಕು? ನಾವು ಒಂದು ಮಾತು ‘ಮುಂದೆ ಬನ್ನಿ’ ಎನ್ನದೆ ಉಳಿದೆವೇ? ಹಿಂದೆ ಎಂಬುದನ್ನೇ ಇಲ್ಲದಂತೆ ಮಾಡುವ ನನ್ನ ಹಟದಲ್ಲಿ ಇದೂ ಸೇರಿತ್ತು.

ಏಪ್ರಿಲಿನ ಬಿಸು ಹಬ್ಬಕ್ಕೆ ಮೊದಲು ಹೊಸ ಮನೆಯ ಒಕ್ಕಲಾಯಿತು. ಉಮ್ಮ ಬಂದರು. ಮಾರ್ಗ ಸುತ್ತಿಕೊಂಡು, ಗೇಟಿನಿಂದ, ಹೊಸ ಸೀರೆ ಉಟ್ಟು, ಮೊಮ್ಮಗಳ ಕೈಯಲ್ಲಿ ಗೋಡೆ ಗಡಿಯಾರದ ಉಡುಗೊರೆ ಹಿಡಿಸಿಕೊಂಡು. ನನಗೆ ಎಷ್ಟು ಖುಷಿಯಾಯಿತೆಂದರೆ ಕೈಹಿಡಿದು ಕರೆತಂದು ಸೋಫಾದ ನಡುವೆ ಕೂರಿಸಿದೆ. ಅವರು ನಡುವಿನಿಂದ ಮೆಲ್ಲನೆ ತುದಿಗೆ ಸರಿದು ಕೂತರು. ಅಮ್ಮ ಎದುರಿನ ಕುರ್ಚಿಯಲ್ಲಿ. ಇಬ್ಬರೂ ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದವರ ಹಾಗೆ ಕೈ ಮಡಚಿ ಕೂತದ್ದು ನೋಡಿ ನನಗೆ ನಗು ಬಂತು. “ಮನೆ ಚಂದ ಉಂಟು. ಬೆಳಕು ಜಾಸ್ತಿ ಉಂಟು” ಎಂದು ಹೇಳಿ, ಹೋಳಿಗೆ ತಿಂದು, ಉಮ್ಮ ಗೇಟಿನಿಂದಲೇ ಹೋದರು.

ಆಮೇಲೆ ಅವರು ಬರಲಿಲ್ಲ.

ಮೊದಲು ನನಗೆ ಗಮನಕ್ಕೆ ಬರಲಿಲ್ಲ. ಹೊಸ ಮನೆಯ ಅಮಲಿನಲ್ಲಿದ್ದೆ. ಮಧ್ಯಾಹ್ನ ಗಾಜು ಸರಿಸಿದರೆ ಊದುಬತ್ತಿ ತೋರಿಸಿದ ದಾರಿಯಲ್ಲೇ ಗಾಳಿ ಬಂದು ಕ್ಯಾಲೆಂಡರಿನ ಹಾಳೆ ಎತ್ತುತ್ತಿತ್ತು. ಗಂಡ ಸೋಫಾದಲ್ಲಿ ಮಲಗಿ ಹೊಳೆ ನೋಡುತ್ತಿದ್ದರು, ಆ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಮೊದಲು ಕಂಡಿರಲಿಲ್ಲ. ಬೆಕ್ಕು ಕೂಡ ನನ್ನ ಲೆಕ್ಕ ತಪ್ಪಿಸಲಿಲ್ಲ. ಆದರೆ ಶಾಲೆಗೆ ಬೇಸಗೆ ರಜೆ ಬಂದು ನಾನು ಮನೆಯಲ್ಲಿ ಉಳಿದಾಗ ಅಮ್ಮನನ್ನು ಕಂಡೆ. ಊಟವಾದ ಮೇಲೆ ಅವರು ಚಾ ಮಾಡುತ್ತಿದ್ದರು, ಅಭ್ಯಾಸದ ಕೈ ಎರಡು ಗ್ಲಾಸಿನ ನೀರು ಇಡುತ್ತಿತ್ತು. ಒಂದನ್ನು ಕುಡಿದು, ಇನ್ನೊಂದನ್ನು ಮುಚ್ಚಿಟ್ಟು, ಬಿಂಬುಳಿ ಮರದ ಕೆಳಗೆ ಹೋಗಿ ನಿಲ್ಲುತ್ತಿದ್ದರು. ತಿರುಗಿ ಬಂದು ಕೋಣೆಯಲ್ಲಿ ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತಿದ್ದರು. ನಾಲ್ಕು ಕಡೆಯಿಂದ ಬೆಳಕು ಬರುವ ಮನೆಯಲ್ಲಿ ಅಮ್ಮ ಗೋಡೆಯನ್ನು ಹುಡುಕಬೇಕಾಗಿತ್ತು.

“ಉಮ್ಮ ಯಾಕೆ ಬರ್ತಾ ಇಲ್ಲ? ಜಗಳವಾ?”

“ಎಂತ ಜಗಳ? ಅವಳಿಗೆ ಪುರುಸೊತ್ತು ಇಲ್ಲವೋ ಏನೋ.”

“ನೀವೇ ಹೋಗಿ ಬನ್ನಿ.”

“ನಾನು ಹೋದ್ರೆ ಅವಳ ಸೊಸೆ ಮಿಕ್ಸಿ ಇಟ್ಟು ಜ್ಯೂಸ್ ಮಾಡ್ತಾಳೆ. ಸುಮ್ನೆ ತೊಂದರೆ.”

ಪ್ರಶ್ನೆ ಬಂದ ಮೇಲೆ ನನಗೆ ಸುಮ್ಮನಿರಲು ಆಗುವುದಿಲ್ಲ. ಮರುದಿನ ಮಧ್ಯಾಹ್ನ ತಡಮೆಯ ಆಚೆಗೆ ಹೋಗಿ ನಿಂತು, ಉಮ್ಮ ಬರುವ ದಾರಿಯಲ್ಲಿ ನಾನೇ ನಡೆದು ಬಂದೆ. ಕಟ್ಟುವಾಗ ಒಳಗಿನಿಂದ ಹೊರಗೆ ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ; ಹೊರಗಿನಿಂದ ಒಳಗೆ, ಅದೂ ಈ ದಾರಿಯಿಂದ, ನೋಡಿದ್ದು ಅಂದೇ ಮೊದಲು. ತಡಮೆ ದಾಟಿ ಬಿಂಬುಳಿ ಮರ ಬಳಸಿದ್ದೇ ತಡ, ಇಡೀ ಮನೆ ಮೈಮೇಲೆ ಬಂತು. ತೆರೆದ ಅರ್ಧದಲ್ಲಿ ನನ್ನ ಗಂಡ, ಲುಂಗಿ ಮೊಣಕಾಲಿನ ಮೇಲೆ, ಬಾಯಿ ತೆರೆದು ನಿದ್ದೆ. ಮುಚ್ಚಿದ ಅರ್ಧದ ಗಾಜಿನಲ್ಲಿ ಇನ್ನೊಬ್ಬ ಹೆಂಗಸು ನನ್ನೆದುರಿಗೇ ಬರುತ್ತಿದ್ದಳು: ಬಣ್ಣ ಹೋದ ನೈಟಿ, ಕೆದರಿದ ತಲೆ. ಅದು ನಾನೇ. ನನ್ನ ಮನೆಗೆ ಬರಲು ನನಗೇ ಒಂದು ಗಳಿಗೆ ನಾಚಿಕೆಯಾಯಿತು. ತಿರುಗಿ ತಡಮೆ ದಾಟಿ ನೇರ ಉಮ್ಮನ ಮನೆಗೆ ಹೋದೆ.

ಉಮ್ಮ ಅವರ ವರ್ಕ್ ಏರಿಯಾದಲ್ಲಿ ಕುಳಿತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಸುತ್ತು ಬಳಸದೆ ಕೇಳಿದೆ.

“ಬಂದಿದ್ದೆ ಮಾರಾಯ್ತಿ” ಎಂದರು. “ಮೂರು ನಾಲ್ಕು ಸಲ ಮರದವರೆಗೆ ಬಂದಿದ್ದೆ. ಆಮೇಲೆ ಎಲ್ಲಿಂದ ಬರುವುದು ಹೇಳು? ನಿನ್ನ ಗಂಡ ಅಲ್ಲಿ ಮಲಗಿರ್ತಾನೆ. ಪಾಪ, ಅವನ ಮನೆ, ಅವನು ಮಲಗ್ಲಿ. ನಾನು ಈ ನೈಟಿಯಲ್ಲಿ, ಮೀನಿನ ಕೈಯಲ್ಲಿ, ಆ ಕನ್ನಡಿಯ ಎದುರಿಗೆ ಹೇಗೆ ಬರುವುದು?”

“ಮುಂದಿನಿಂದ ಬನ್ನಿ ಉಮ್ಮ. ಅದಕ್ಕೇ ಅಲ್ವಾ ನಾನು—”

“ಮುಂದಿನಿಂದ ಬರ್ಲಿಕ್ಕೆ ಸೀರೆ ಉಡ್ಬೇಕು. ಸೀರೆ ಉಟ್ಟು ಬಂದ್ರೆ ನಿನ್ನ ಅಮ್ಮ ಕುರ್ಚಿ ಕೊಡ್ತಾಳೆ. ಕುರ್ಚಿಯಲ್ಲಿ ಕೂತು ನಾವು ಎಂತ ಮಾತಾಡುವುದು?” ಉಮ್ಮ ನಕ್ಕರು. ನನಗೆ ನಗು ಬರಲಿಲ್ಲ. ಇನ್ನೊಂದು ಕಡ್ಡಿ ಎತ್ತಿಕೊಂಡು ಅವರೇ ಮೆಲ್ಲನೆ ಕೇಳಿದರು: “ಅವಳು ಮಧ್ಯಾಹ್ನ ಎಂತ ಮಾಡ್ತಾಳೆ?”

“ಮಲಗ್ತಾರೆ.”

“ಅವಳು ಮಧ್ಯಾಹ್ನ ಮಲಗುವವಳೇ ಅಲ್ಲ” ಎಂದು ಉಮ್ಮ ಸೊಪ್ಪಿನ ಕಡೆ ನೋಡಿದರು.

ದಾರಿಯುದ್ದಕ್ಕೂ ಯೋಚಿಸಿದೆ. ತೆರೆದ ಮನೆ ಎಂದರೆ ಎಲ್ಲ ಕಾಣುವ ಮನೆ ಎಂದುಕೊಂಡಿದ್ದೆ. ಹಳೆಯ ಹಿಂಜಗಲಿ ಎಷ್ಟು ತೆರೆದಿತ್ತು! ಗೋಡೆಯಿಲ್ಲ, ಬಾಗಿಲಿಲ್ಲ. ಆದರೆ ತಗ್ಗು ಮಾಡಿನ ಕೆಳಗೆ ಇಬ್ಬರು ಕುಳಿತರೆ ಊರಿಗೆ ಕಾಣುತ್ತಿರಲಿಲ್ಲ. ಹೆಂಗಸರನ್ನು ಅಲ್ಲಿಗೆ ತಳ್ಳಿದ್ದರು ಎಂಬ ನನ್ನ ಸಿಟ್ಟು ಸುಳ್ಳಲ್ಲ, ಈಗಲೂ ಅದು ಇದೆ. ಆದರೆ ತಳ್ಳಿದ ಜಾಗದಲ್ಲಿ ಅವರಿಬ್ಬರೂ ಸೇರಿ ತಮ್ಮದೊಂದನ್ನು ಮಾಡಿಕೊಂಡಿದ್ದರಲ್ಲ, ಅದನ್ನೂ ಸೇರಿಸಿಯೇ ನಾನು ಕೆಡವಿದ್ದೆ. ಎರಡೂ ನಿಜವಾದರೆ ನಕ್ಷೆಯಲ್ಲಿ ಏನು ಬರೆಯುವುದು? ಗಂಡನಿಗೆ ಹೇಳಿದಾಗ ಅವರು ಪೆಚ್ಚಾಗಿ, “ಹಾಗಾದ್ರೆ ನಾನು ಮಧ್ಯಾಹ್ನ ಕೋಣೆಯಲ್ಲಿ ಮಲಗ್ತೇನೆ, ಬಾಗಿಲು ಹಾಕಿ” ಎಂದರು. ಮುಚ್ಚಿದ ಕೋಣೆಯಿಂದ ತಪ್ಪಿಸಿಕೊಂಡು ಬಂದ ಮನುಷ್ಯ. ಅವರನ್ನು ಮತ್ತೆ ಹಾಗೆ ಮಲಗಿಸಲು ನನಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಮಳೆ ಬಂತು. ನಾನು ಗಾಳಿಗೆ ಊದುಬತ್ತಿ ಹಚ್ಚಿದವಳು, ನೆರಳಿಗೆ ಕೋಲು ನೆಟ್ಟವಳು, ಮಳೆಯನ್ನು ಮಾತ್ರ ಮರೆತಿದ್ದೆ. ನಮ್ಮಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ, ಪಡುವಿನಿಂದ ಅಡ್ಡಡ್ಡ ಬರುತ್ತದೆ. ಮೊದಲ ದಿನವೇ ಗಾಜಿನ ಸಂದಿಯಿಂದ ನೀರು ನುಗ್ಗಿ ಹಜಾರದಲ್ಲಿ ಹರಿಯಿತು. ಗಂಡ ಸೋಫಾವನ್ನು ಎಳೆದಾಡುತ್ತ, ಪೇಟೆಯಿಂದ ನೀಲಿ ಟರ್ಪಾಲ್ ತರುವುದಾಗಿ ಹೇಳಿದರು.

ನೆಲ ಒರೆಸುತ್ತಿದ್ದ ಅಮ್ಮ ತಲೆಯೆತ್ತಿದರು. “ಟರ್ಪಾಲ್ ಎಂತಕ್ಕೆ? ತಟ್ಟಿ ಕಟ್ಟುವ.”

ತಟ್ಟಿ ಎಂದರೆ ತೆಂಗಿನ ಮಡಲು ಹೆಣೆದು ಮಾಡುವ ಪರದೆ. ಹಳೆಯ ಮನೆಗೆ ಪ್ರತಿ ಮಳೆಗಾಲಕ್ಕೂ ಕಟ್ಟುತ್ತಿದ್ದೆವು. ಹೊಸ ಮನೆಗೆ ಅದು ಬೇಕಾದೀತೆಂದು ನನ್ನ ತಲೆಗೇ ಬಂದಿರಲಿಲ್ಲ.

“ಅಷ್ಟು ಅಗಲಕ್ಕೆ ನೀವೊಬ್ಬರೇ ಹೆಣೆದ್ರೆ ಸೊಂಟ ಹೋಗ್ತದೆ.”

“ಒಬ್ಬಳೇ ಹೆಣೆದ್ರೆ ಸೊಂಟ ನೋಯ್ತದೆ. ಇಬ್ರು ಕೂತು ಹೆಣೆದ್ರೆ ನೋಯುದಿಲ್ಲ” ಎಂದರು ಅಮ್ಮ. ವಿಜ್ಞಾನದ ಪ್ರಕಾರ ಇದು ಸರಿಯಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು: “ಆಚೆಮನೆಗೆ ಹೋಗಿ ಹೇಳು. ಬಾ ಅಂತ ಹೇಳ್ಬೇಡ. ಮಡಲು ಹೆಣೆಯಲಿಕ್ಕೆ ಉಂಟು ಅಂತ ಹೇಳು.”

ಬಿದ್ದ ಮಡಲುಗಳನ್ನು ನಡುವೆ ಸೀಳಿ ಹಳ್ಳದ ನೀರಿನಲ್ಲಿ ನೆನೆಹಾಕಿದೆವು. ಅವು ಮೆತ್ತಗಾದ ದಿನ ಉಮ್ಮ ತಡಮೆ ದಾಟಿ ಬಂದರು. ನೈಟಿ, ತಲೆಗೊಂದು ಶಾಲು, ಕೈಯಲ್ಲಿ ಅವರದೇ ಕತ್ತಿ. ಗಾಜಿನ ಕಡೆ ತಿರುಗಿಯೂ ನೋಡಲಿಲ್ಲ. ಅಡುಗೆಮನೆಯ ಹೊರಗೆ ಮಾಡಿನ ಕೆಳಗೆ ಇಬ್ಬರೂ ನೆಲದ ಮೇಲೆ ಕಾಲು ಚಾಚಿ ಕುಳಿತು ಮಡಲು ಎಳೆದುಕೊಂಡರು. “ನಿನ್ನ ಹೆಣಿಗೆ ಸಡಿಲ” ಎಂದರು ಅಮ್ಮ. “ನಿನ್ನದು ಬಿಗಿಯಾಗಿ ಎಂತ ಆಯ್ತು, ಕಳೆದ ಸಲ ನಡುವಿನಲ್ಲೇ ಹರಿಯಲಿಲ್ವಾ?” ಎಂದರು ಉಮ್ಮ. ಮಧ್ಯೆ ಬಾಕಿಬಿದ್ದ ಸುದ್ದಿಗಳೆಲ್ಲ ಹೊರಬಂದವು: ಯಾರ ಮಗಳ ಹೆರಿಗೆ, ಯಾರ ಬಾವಿಗೆ ಉಪ್ಪುನೀರು. ಅಮ್ಮನ ನಗು ಕೇಳಿ ಎಷ್ಟು ಕಾಲವಾಗಿತ್ತು! ನಾನು ಅಡುಗೆಮನೆಯಲ್ಲಿ ನಿಂತು ಚಾ ಮಾಡಿದೆ, ಕಣ್ಣು ಒರೆಸಿಕೊಂಡು, ಎರಡು ಗ್ಲಾಸಿಗೆ.

ತಟ್ಟಿ ಕಟ್ಟಿದ ಮೇಲೆ ಮಳೆ ಹೊರಗೇ ನಿಂತಿತು. ತಟ್ಟಿಗೂ ಗಾಜಿಗೂ ನಡುವೆ ಉಳಿದ ಕಿರಿದಾದ ಜಾಗ ನಸುಗತ್ತಲಾಗಿ, ಒಣಗುವ ಮಡಲಿನ ವಾಸನೆಯಿಂದ ತುಂಬಿತು. ಅಂಗಳದ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಅರೆಯುವ ಕಲ್ಲನ್ನು ಅಮ್ಮ ಯಾರಿಂದಲೋ ಉರುಳಿಸಿ ಅಲ್ಲಿಗೆ ತರಿಸಿದರು. ಬೆಕ್ಕು ನನ್ನ ಗುರುತುಗಳನ್ನೆಲ್ಲ ಬಿಟ್ಟು ಅಲ್ಲಿ ಮಲಗತೊಡಗಿತು.

ಮಳೆಗಾಲ ಮುಗಿದರೆ ತಟ್ಟಿ ಬಿಚ್ಚುವುದು ಕ್ರಮ. ದೀಪಾವಳಿಯ ಹೊತ್ತಿಗೆ ಗಂಡ ಏಣಿ ಇಟ್ಟು ಹತ್ತಿದರು. ಇಡೀ ಮಳೆಗಾಲ ಹೊಳೆ ಕಾಣದೆ ಅವರು ಸೊರಗಿದ್ದರು. ಆದರೂ ಗಂಟು ಬಿಚ್ಚುವ ಮೊದಲು ಅಮ್ಮನನ್ನು ನೋಡಿದರು. ಅಮ್ಮ ಅಂಗಳ ಗುಡಿಸುತ್ತಲೇ ಇದ್ದರು. ಗಂಡ ಸೋಫಾದ ಎದುರಿನ ತಟ್ಟಿಗಳನ್ನು ಬಿಚ್ಚಿ, ಹೊಳೆಯನ್ನು ಒಂದು ಸಲ ಕಣ್ತುಂಬ ನೋಡಿ, ಏಣಿಯನ್ನು ಹೆಗಲಿಗೇರಿಸಿ ನಡೆದರು. ಅಡುಗೆಮನೆಯ ಕಡೆಯ ತಟ್ಟಿಯನ್ನು ಮುಟ್ಟಲಿಲ್ಲ. “ಅದು ಗಟ್ಟಿ ಉಂಟು, ಇರ್ಲಿ” ಎಂದರು. ಅದು ಗಟ್ಟಿಯೇನೂ ಇರಲಿಲ್ಲ, ಉಮ್ಮನ ಹೆಣಿಗೆ.

ಆ ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ತಟ್ಟಿಯ ಮರೆಯಲ್ಲಿ ಮಾತು ನಿಂತು, ಉಮ್ಮ ಎದ್ದ ಸದ್ದು ಕೇಳಿತು. ಅಮ್ಮ ಒಳಬಂದು ದೀಪದ ಬತ್ತಿ ಹೊಸೆಯತೊಡಗಿದರು. ಬೆಂಕಿಪೆಟ್ಟಿಗೆ ಕೈಗೆತ್ತಿಕೊಂಡವರು ನನ್ನ ಕಡೆ ನೋಡದೆಯೇ, “ಹಿಂದಿನ ಬಾಗಿಲು ಹಾಕು” ಎಂದರು.

ಯಾವುದು ಎಂದು ನಾನು ಕೇಳಲಿಲ್ಲ. ಹೋಗಿ ಗಾಜಿನ ಮೇಲೆ ಕೈಯಿಟ್ಟೆ.

“ನಿಲ್ಲು, ಈಗಲೇ ಬೇಡ” ಎಂದರು ಅಮ್ಮ. “ಅವಳು ತಡಮೆ ದಾಟ್ಲಿ.”